ಜೂನ್ ಬರುತ್ತೆ ಅಂತ ಗೊತ್ತಿದ್ದವರು ನಾವು

ಓದುಗರ ಪತ್ರ: ಹಾವೇರಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸಾರ ಇಷ್ಟು. ಒಂಬತ್ತನೇ ಕ್ಲಾಸಿನ ಮಗಳು ಒಂದು ಬೆಳಿಗ್ಗೆ "ಸಾಲಿ ಅಂದ್ರ ಜೈಲು, ನಾ ಹೋಗಂಗಿಲ್ಲ" ಅಂತ ಹಟ ಹಿಡಿದು ಕೂತಳು. ಇವರಿಗೆ ಸಿಟ್ಟು ಬಂತು. ಮೊಬೈಲು ತೆಗೆದು, ಅಫ್ಘಾನಿಸ್ತಾನದ ರಾಜಧಾನಿ ಕಾಬೂಲಿನಲ್ಲಿ ಶಾಲೆಯ ಗೇಟಿನಿಂದ ಅಳುತ್ತ ವಾಪಸ್ಸು ಹೋಗುವ ಹುಡುಗಿಯರ ವಿಡಿಯೊ ತೋರಿಸಿ, "ಇವ್ರನ್ನ ನೋಡಿ ಬುದ್ಧಿ ಕಲಿ" ಅಂದರು. ಮಗಳು "ಅವ್ರು ಅಳಾಕತ್ತಾರಂತ ನಾ ನಗಬೇಕೇನು?" ಅಂತ ಕೇಳಿ ಬಾಗಿಲು ಹಾಕಿಕೊಂಡಳು. ಆ ಮಾತು ಇವರನ್ನು ಬಿಟ್ಟಿಲ್ಲ. 1993ರಲ್ಲಿ ಏಳನೇ ಇಯತ್ತೆ ಪಾಸಾದ ಮೇಲೆ ಇವರನ್ನೂ ಬಿಡಿಸಿದರಂತೆ. "ನಂದೂ ಆ ಹುಡುಗ್ಯಾರದೂ ಒಂದೇ ಕತಿ. ನನ್ನ ಸಂಕಟ ಮಗಳಿಗೆ ಯಾಕ ತಿಳಿಯಂಗಿಲ್ಲ? ನಾ ಹಂಗ ಹೋಲಿಸಿದ್ದು ತಪ್ಪೇನು?" ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಕ್ಕಾ, ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರೇ. ಆದರೂ ಹಾಗೇ ಕರೆಯುತ್ತೇನೆ, ನಿಮ್ಮ ಕಡೆ ಹಾಗೇ ಅಲ್ವಾ ಕರೆಯೋದು. ಪತ್ರ ಬಂದು ಹದಿನೈದು ದಿನ ಆಯ್ತು. ಎರಡು ಸಾರಿ ಉತ್ತರ ಬರೆದು ಹರಿದು ಹಾಕಿದೆ. ಮೊದಲ ಸಾರಿ ನಿಮ್ಮ ಪರ ಜಾಸ್ತಿ ಬರೆದಿದ್ದೆ, ಎರಡನೇ ಸಾರಿ ನಿಮ್ಮ ಮಗಳ ಪರ.

ಮೊದಲು ಮಗಳ ಮಾತು. ಅವಳು ಹೇಳಿದ್ದರಲ್ಲಿ ನ್ಯಾಯ ಇದೆ. ಅವಳಿಗೆ ಆ ಹುಡುಗಿಯರ ಮೇಲೆ ಕರುಣೆ ಇಲ್ಲ ಅಂತ ನೀವು ತಿಳಿದುಕೊಂಡಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಅವರ ಅಳುವನ್ನು ತನ್ನ ಬಾಯಿ ಮುಚ್ಚಿಸಲು ಬಳಸುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಯಿತು, ಅದನ್ನು ಬೇಡ ಅಂದಳು. ಹದಿನಾಲ್ಕು ವರ್ಷದ ಹುಡುಗಿಗೆ ಇದು ಗೊತ್ತಾಗಿದೆ ಅನ್ನೋದು ನನಗೆ ಸಂತೋಷವೇ. ಊಟ ಬಿಟ್ಟ ಮಗುವಿಗೆ "ಎಷ್ಟು ಜನ ಉಪವಾಸ ಇದ್ದಾರೆ ಗೊತ್ತಾ" ಅಂತ ನಾವೆಲ್ಲ ಹೇಳುತ್ತೇವೆ. ಆ ಮಾತಿನಿಂದ ಯಾವ ಮಗುವಿಗೂ ಹಸಿವಾಗಿದ್ದನ್ನು ನಾನು ನೋಡಿಲ್ಲ, ಉಪವಾಸ ಇದ್ದವರ ಹೊಟ್ಟೆಯೂ ತುಂಬಿಲ್ಲ.

ಆದರೆ ಹೋಲಿಕೆಯೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಬದುಕಿನ ಪಕ್ಕ ಇಟ್ಟು ನೋಡದಿದ್ದರೆ ದೂರದ ಇನ್ನೊಂದು ಬದುಕು ನಮಗೆ ಅರ್ಥವಾಗುವುದಾದರೂ ಹೇಗೆ? ನಾನೂ ಒಮ್ಮೆ ಹೋಲಿಸಿದ್ದೆ. ಅದರಿಂದ ಕಲಿತದ್ದನ್ನು ನಿಮಗೆ ಹೇಳಬೇಕು.

2022ರ ಏಪ್ರಿಲ್ ತಿಂಗಳು. ಮೈಸೂರಿನಲ್ಲಿ ಓದುತ್ತಿದ್ದ ಅಫ್ಘಾನಿಸ್ತಾನದ ಕೆಲವು ವಿದ್ಯಾರ್ಥಿಗಳನ್ನು ಮಾತನಾಡಿಸಲು ಹೋಗಿದ್ದೆ. ನಿಮಗೆ ಗೊತ್ತಿರಬಹುದು, ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಬಹಳ ವರ್ಷಗಳಿಂದ ಅಲ್ಲಿನ ಮಕ್ಕಳು ಬಂದು ಓದುತ್ತಾರೆ, ಹೆಚ್ಚಿನವರು ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ಅವರಲ್ಲಿ ಒಬ್ಬ ಎಂ.ಎಸ್ಸಿ. ಹುಡುಗ. ಮನೆ ಮಜಾರ್-ಎ-ಶರೀಫ್ ಕಡೆ. ಅವನ ತಂಗಿ ಎಂಟನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದಳು. ಫೋನ್ ಮಾಡಿದರೆ ಮೈಸೂರು ಹೇಗಿದೆ, ಊಟ ಹೇಗಿದೆ ಅಂತ ಅವಳು ಕೇಳುವುದಿಲ್ಲವಂತೆ. "ಇವತ್ತು ಏನು ಪಾಠ ಮಾಡಿದರು?" ಅಂತ ಕೇಳುತ್ತಾಳಂತೆ. ಇವನು ಪುಸ್ತಕದ ಹಾಳೆಗಳ ಫೋಟೊ ತೆಗೆದು ಕಳಿಸುತ್ತಾನೆ. ಎಂಟನೇ ಕ್ಲಾಸಿನವಳಿಗೆ ಎಂ.ಎಸ್ಸಿ. ಪಾಠ ಏನು ತಿಳಿಯುತ್ತೆ ಅಂದೆ. ತಿಳಿಯಲ್ಲ, ಆದ್ರೂ ಬರೆದುಕೊಳ್ಳುತ್ತಾಳೆ ಅಂದ.

ಆಗ ನಾನು, ಸಮಾಧಾನ ಹೇಳುವ ಮನಸ್ಸಿನಿಂದಲೇ, ನನ್ನ ಕಥೆ ಹೇಳಿದೆ. ಎಸ್ಸೆಸ್ಸೆಲ್ಸಿ ಆದ ವರ್ಷ ನಮ್ಮ ಅಪ್ಪನಿಗೆ ಲಕ್ವಾ ಹೊಡೆಯಿತು. ಅಮ್ಮ ತೋಟ ನೋಡಬೇಕು, ಅಪ್ಪನ ಹತ್ತಿರ ಒಬ್ಬರು ಇರಬೇಕು. ನಾನು ಒಂದು ವರ್ಷ ಮನೆಯಲ್ಲಿ ಉಳಿದೆ. ಗೆಳತಿಯರು ತಿಪಟೂರಿನ ಕಾಲೇಜಿಗೆ ಬಸ್ಸು ಹತ್ತುವುದನ್ನು ದಿನಾ ನಮ್ಮ ಜಗಲಿಯಿಂದಲೇ ನೋಡುತ್ತಿದ್ದೆ, ಆ ಬಸ್ಸಿನ ಹಾರ್ನ್ ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ. "ನಿನ್ನ ತಂಗಿಯ ನೋವು ನನಗೆ ಗೊತ್ತು" ಅಂದೆ.

ಅವನು ಮರ್ಯಾದೆಯಿಂದಲೇ ಕೇಳಿದ: "ಆ ವರ್ಷ ಯಾವಾಗ ಮುಗಿಯುತ್ತೆ ಅಂತ ನಿಮಗೆ ಗೊತ್ತಿತ್ತಾ ಮೇಡಂ?"

ಗೊತ್ತಿತ್ತು. ಅಮ್ಮ ಮೊದಲ ದಿನವೇ ಹೇಳಿದ್ದಳು, "ಬರೋ ಜೂನ್‌ಗೆ ಸೇರ್ಕೊಳ್ಳುವೆಯಂತೆ" ಅಂತ. ನಾನು ಆ ವರ್ಷ ಪೂರ್ತಿ ಆ ಜೂನ್ ಹಿಡಿದುಕೊಂಡೇ ಬದುಕಿದೆ. ಅವನ ತಂಗಿಗೆ ಅಂಥ ಒಂದು ತಿಂಗಳು ಇರಲಿಲ್ಲ.

ಇದ್ದದ್ದು ಒಂದೇ ಒಂದು ದಿನ. ಅದೂ ಮೋಸವಾಯಿತು. ನೀವು ಮಗಳಿಗೆ ತೋರಿಸಿದ ವಿಡಿಯೊ ಬಹುಶಃ ಆ ದಿನದ್ದೇ ಇರಬೇಕು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ಬಂದು ಅಧಿಕಾರ ಹಿಡಿಯಿತು. ಸೆಪ್ಟೆಂಬರಿನಲ್ಲಿ ಹೈಸ್ಕೂಲು ಶುರು ಅಂತ ಆದೇಶ ಹೊರಬಿತ್ತು. ಆ ಆದೇಶದಲ್ಲಿ ಹುಡುಗರು ಬರಬೇಕು, ಗಂಡು ಮೇಷ್ಟ್ರುಗಳು ಬರಬೇಕು ಅಂತ ಇತ್ತು. ಹುಡುಗಿಯರ ಹೆಸರೇ ಇರಲಿಲ್ಲ. ಬೇಡ ಅಂತಲೂ ಬರೆದಿರಲಿಲ್ಲ, ಸುಮ್ನೆ ಬಿಟ್ಟುಬಿಟ್ಟಿದ್ದರು. ಆರನೇ ಕ್ಲಾಸಿನವರೆಗೆ ಹೆಣ್ಣುಮಕ್ಕಳು ಹೋಗಬಹುದು, ಅಲ್ಲಿಂದ ಮುಂದಕ್ಕೆ ಇಲ್ಲ. ಚಳಿಗಾಲ ಕಳೆಯಿತು. ಅಲ್ಲಿನ ಹೊಸ ವರ್ಷ ನೌರೋಜ್, ಮಾರ್ಚ್ 21ರ ಹೊತ್ತಿಗೆ ಬರುತ್ತೆ. ಚಳಿ ಪ್ರದೇಶದ ಶಾಲೆಗಳು ಅದಾದ ಮೇಲೆ ತೆರೆಯುತ್ತವೆ. ಈ ಸಲ ಹುಡುಗಿಯರೂ ಬರಬಹುದು ಅಂತ ಶಿಕ್ಷಣ ಇಲಾಖೆಯೇ ಸಾರಿತು. 2022ರ ಮಾರ್ಚ್ 23ರ ಬೆಳಿಗ್ಗೆ ಅವರು ಚೀಲ ಹಾಕಿಕೊಂಡು, ಬಿಳಿ ದುಪಟ್ಟ ಹೊದ್ದು ಹೋದರು. ಕೆಲವರು ಬೆಂಚಿನ ಮೇಲೆ ಕೂತೂ ಆಗಿತ್ತು. ಕೆಲವೇ ಗಂಟೆಗಳಲ್ಲಿ, ಮನೆಗೆ ಹೋಗಿ ಅಂತ ಹೇಳಿದರು. ಯೂನಿಫಾರ್ಮು ಹೇಗಿರಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ, ಆದ ಮೇಲೆ ತಿಳಿಸುತ್ತೇವೆ ಅನ್ನೋದು ಕಾರಣ. ಆ ತೀರ್ಮಾನ ಇವತ್ತಿಗೂ ಆಗಿಲ್ಲ ಅಕ್ಕಾ.

ಈಗ ನಿಮ್ಮ ಕಥೆಯನ್ನು ಇದರ ಪಕ್ಕ ಇಡೋಣ. ಎಲ್ಲಿ ಕೂಡುತ್ತೆ, ಎಲ್ಲಿ ಕೂಡಲ್ಲ ನೋಡೋಣ.

ಕೂಡುವ ಜಾಗ ಒಂದಿದೆ, ಅದನ್ನು ನೀವೇ ಬರೆದಿದ್ದೀರಿ. ನಿಮ್ಮನ್ನು ಬಿಡಿಸಿದ ಮುಂದಿನ ವರ್ಷ ನಿಮ್ಮ ತಮ್ಮ ಎಂಟನೇ ಇಯತ್ತೆಗೆ ಪಕ್ಕದ ಊರಿಗೆ ಹೋದ. ಅವನ ಬುತ್ತಿ ಕಟ್ಟುವ ಕೆಲಸ ನಿಮ್ಮದಾಯಿತು. ಅದೇ ನಾಲ್ಕು ಕಿಲೋಮೀಟರು ದಾರಿ. ನಿಮಗೆ ದೂರ ಅಂದಿದ್ದು ಅವನಿಗೆ ದೂರ ಆಗಲಿಲ್ಲ. ಈ ಸಾಲು ಓದುವಾಗ ನನಗೆ ಕಾಬೂಲಿನ ಆ ಸೆಪ್ಟೆಂಬರ್ ನೆನಪಾಯಿತು. ಅಲ್ಲಿಯೂ ಬೆಳಿಗ್ಗೆ ಎದ್ದು ಅಣ್ಣತಮ್ಮಂದಿರ ಚೀಲ ಜೋಡಿಸಿಕೊಟ್ಟು ಬಾಗಿಲಲ್ಲಿ ನಿಂತ ಹುಡುಗಿಯರು ಎಷ್ಟು ಜನ ಇರಬೇಕು! ಅಷ್ಟರ ಮಟ್ಟಿಗೆ ಅವರದೂ ನಿಮ್ಮದೂ ಒಂದೇ. ಇದನ್ನು ಯಾರು ಅಲ್ಲ ಅಂದರೂ ನಾನು ಒಪ್ಪುವುದಿಲ್ಲ.

ಕೂಡದ ಜಾಗವನ್ನೂ ನೋಡಬೇಕು. ನಿಮ್ಮನ್ನು ಬೇಡ ಅಂದವರು ನಿಮ್ಮ ಅಪ್ಪ. ದೊಡ್ಡವಳಾಗಿದ್ದಾಳೆ, ದಾರಿಯಲ್ಲಿ ಹಳ್ಳ ಇದೆ, ಜನ ಏನಂತಾರೆ ಅನ್ನೋ ಹೆದರಿಕೆ. ಸರ್ಕಾರ ನಿಮ್ಮನ್ನು ಬೇಡ ಅಂದಿರಲಿಲ್ಲ. ಆ ಊರಿನ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ನಿಮಗೆ ಒಂದು ಸಾಲು ಇತ್ತು, ಬರೆಸುವವರು ಇರಲಿಲ್ಲ. ನಿಮ್ಮ ಮೇಷ್ಟ್ರು ಎರಡು ಸಲ ಮನೆಗೆ ಬಂದು ಅಪ್ಪನ ಹತ್ತಿರ ಕೇಳಿಕೊಂಡರು ಅಂತ ಬರೆದಿದ್ದೀರಿ. ಅವರು ಸೋತರು ನಿಜ. ಆದರೆ ಅವರು ರಾತ್ರಿ ನೆಮ್ಮದಿಯಾಗಿ ಮನೆಗೆ ಹೋದರು, ಪೊಲೀಸರು ಬರಲಿಲ್ಲ. ಅಫ್ಘಾನಿಸ್ತಾನದಲ್ಲಿ ಮತೀಉಲ್ಲಾ ವೇಸಾ ಅಂತ ಒಬ್ಬರು ಇದ್ದಾರೆ. ಹಳ್ಳಿ ಹಳ್ಳಿಗೆ ಪುಸ್ತಕ ಒಯ್ದು, ಹೆಣ್ಣುಮಕ್ಕಳನ್ನು ಓದಿಸಿ ಅಂತ ಊರ ಹಿರಿಯರ ಜೊತೆ ಕೂತು ಮಾತನಾಡುತ್ತಿದ್ದವರು. ನಿಮ್ಮ ಮೇಷ್ಟ್ರು ಮಾಡಿದ ಕೆಲಸವೇ. 2023ರ ಮಾರ್ಚ್‌ನಲ್ಲಿ ಅವರನ್ನು ಹಿಡಿದು ಜೈಲಿಗೆ ಹಾಕಿದರು. ಏಳು ತಿಂಗಳು ಬಿಡಲಿಲ್ಲ.

ಇನ್ನೊಂದು ವ್ಯತ್ಯಾಸ ನನ್ನನ್ನು ಜಾಸ್ತಿ ಕಾಡುತ್ತೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನೇ ಮಗಳನ್ನು ಓದಿಸಬೇಕು ಅನ್ನುವವನು. 2001ರಲ್ಲಿ ಮೊದಲ ತಾಲಿಬಾನ್ ಆಡಳಿತ ಬಿದ್ದಾಗ ಪ್ರಾಥಮಿಕ ಶಾಲೆಯಲ್ಲಿ ಹುಡುಗಿಯರು ಇರಲೇ ಇಲ್ಲ ಅನ್ನಬಹುದು. 2018ಕ್ಕೆ 25 ಲಕ್ಷ ಆಗಿದ್ದರು. ಯುನೆಸ್ಕೊ ಕೊಟ್ಟ ಲೆಕ್ಕ ಇದು. ಇಷ್ಟು ಮಕ್ಕಳು ತಾವಾಗಿಯೇ ನಡೆದು ಬಂದರಾ? ಅಪ್ಪ ಅಮ್ಮ ಕೈ ಹಿಡಿದು ಕರೆತಂದು ಬಿಟ್ಟರು, ಯುದ್ಧದ ನಡುವೆ, ಬಾಂಬಿನ ನಡುವೆ. ಈಗ ಅದೇ ಅಪ್ಪ ಮಗಳಿಗೆ ಏನು ಉತ್ತರ ಕೊಡಬೇಕು? ನಿಮಗೆ ಸಿಟ್ಟು ಮಾಡಿಕೊಳ್ಳಲು ಅಪ್ಪ ಇದ್ದರು. ಆ ಹುಡುಗಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು, ಅಪ್ಪನೂ ಅವಳ ಜೊತೆ ಕೂತು ಅಳುತ್ತಿದ್ದರೆ?

ನಿಮ್ಮ ಊರಿನಲ್ಲಿ ಗೌಡರ ಮನೆಯ ಹುಡುಗಿ ಹೈಸ್ಕೂಲಿಗೆ ಹೋದಳು ಅಂತ ಬರೆದಿದ್ದೀರಿ, ಅವಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು ಅಂತಲೂ. ಆ ಹೊಟ್ಟೆಯುರಿಯಲ್ಲಿ ಒಂದು ಆಸೆ ಇತ್ತು ಅಕ್ಕಾ. ಹೋಗುವುದು ಸಾಧ್ಯ ಅಂತ ಅವಳಿಂದ ನಿಮಗೆ ಗೊತ್ತಾಗುತ್ತಿತ್ತು. ಕಾಬೂಲಿನ ಬೀದಿಯಲ್ಲಿ ಈಗ ಹಾಗೆ ನೋಡಲು ಸಹ ಯಾರೂ ಇಲ್ಲ. 2022ರ ನವೆಂಬರಿನಲ್ಲಿ ಹೆಂಗಸರು ಪಾರ್ಕಿಗೆ ಹೋಗಬಾರದು ಅಂತ ಆಯಿತು. ಡಿಸೆಂಬರಿನಲ್ಲಿ ಯೂನಿವರ್ಸಿಟಿಯೂ ಅವರಿಗೆ ಬಾಗಿಲು ಹಾಕಿತು, ಓದುತ್ತಿದ್ದ ಅಕ್ಕಂದಿರೂ ಮನೆಗೆ ಬಂದರು. ಮುಂದಿನ ವರ್ಷ ಬ್ಯೂಟಿ ಪಾರ್ಲರ್‌ಗಳನ್ನು ಮುಚ್ಚಿಸಿದರು, ಎಷ್ಟೋ ಮನೆಗಳಿಗೆ ಅದೊಂದೇ ಸಂಪಾದನೆ. 2024ರ ಆಗಸ್ಟಿನ ಕಾನೂನಿನಲ್ಲಿ ಹೆಂಗಸಿನ ದನಿಯೂ ಹೊರಗೆ ಕೇಳಬಾರದು ಅಂತ ಬರೆದರು. ಅದೇ ವರ್ಷದ ಕೊನೆಗೆ ಹೆರಿಗೆ ಮಾಡಿಸುವ ಸೂಲಗಿತ್ತಿಯರ, ನರ್ಸುಗಳ ತರಬೇತಿಯನ್ನೂ ಹೆಂಗಸರಿಗೆ ನಿಲ್ಲಿಸಿದರು. ಹೆಂಗಸರಿಗೆ ಗಂಡು ಡಾಕ್ಟರು ಚಿಕಿತ್ಸೆ ಕೊಡುವುದೇ ಕಷ್ಟವಾಗಿರುವ ದೇಶ ಅದು. ಇನ್ನು ಹತ್ತು ವರ್ಷ ಬಿಟ್ಟು ಅಲ್ಲಿ ಬಸುರಿಯರ ಕೈ ಹಿಡಿಯುವವರು ಯಾರು? ಇದನ್ನು ಯೋಚನೆ ಮಾಡಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಆರನೇ ಕ್ಲಾಸಿನ ಮಕ್ಕಳ ಸುದ್ದಿಯೊಂದನ್ನು ಹೇಳಲೇಬೇಕು. ಪಾಸಾದರೆ ಶಾಲೆ ಮುಗಿಯಿತು ಅಂತ ಅವರಿಗೆ ಗೊತ್ತು. ಅದಕ್ಕೇ ಕೆಲವರು ಬೇಕು ಅಂತಲೇ ಆರನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಉಳಿದುಕೊಂಡರು. ಪರೀಕ್ಷೆಗೆ ಹೆದರುವ ಮಕ್ಕಳನ್ನು ನಾವು ನೋಡಿದ್ದೇವೆ. ಪಾಸಾಗಲು ಹೆದರುವ ಮಕ್ಕಳು!

ನೀವು ಹೇಳಬಹುದು: ಸರಿ, ನನ್ನದಕ್ಕಿಂತ ಅವರ ಕಷ್ಟ ದೊಡ್ಡದು, ಹಾಗಾದ್ರೆ ನಂದು ಏನೂ ಅಲ್ವಾ? ದಯವಿಟ್ಟು ಹಾಗೆ ತಿಳಿಯಬೇಡಿ. ತಕ್ಕಡಿ ಹಿಡಿದು ನಾನು ಇದನ್ನು ಬರೆಯುತ್ತಿಲ್ಲ. ಮೂವತ್ತು ವರ್ಷದ ಮೇಲೂ ನಿಮ್ಮ ಟಿ.ಸಿ.ಯನ್ನು ಮದುವೆ ಸೀರೆಯ ಮಡಿಕೆಯಲ್ಲಿ ಟ್ರಂಕಿನ ತಳಕ್ಕೆ ಇಟ್ಟಿದ್ದೀರಿ, ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಿಡಿಯುತ್ತೀರಿ ಅಂತ ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದು ಸಣ್ಣ ನಷ್ಟ ಅಂತ ಯಾರು ಹೇಳಿಯಾರು? 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ನಿಮ್ಮಂಥವರ ಆ ನಾಲ್ಕು ಕಿಲೋಮೀಟರು ದಾರಿಗಾಗಿಯೇ ಅದು ಬಂದದ್ದು. ನಿಮಗೆ ಹದಿಮೂರು ವರ್ಷ ತಡವಾಗಿ ಬಂತು, ಅಷ್ಟೇ.

ಸರ್ಟಿಫಿಕೇಟಿನ ಮಾತು ಬಂತಲ್ಲ, ಇದನ್ನೂ ಕೇಳಿ. ಕಾಬೂಲಿನಲ್ಲಿ ಹುಡುಗಿಯರ ಬೋರ್ಡಿಂಗ್ ಶಾಲೆ ನಡೆಸುತ್ತಿದ್ದವರು ಶಬಾನಾ ಬಸಿಜ್-ರಸಿಖ್. ಮೊದಲ ತಾಲಿಬಾನ್ ಕಾಲದಲ್ಲಿ ಅವರೇ ಪುಟ್ಟ ಹುಡುಗಿ. ಗಂಡು ಹುಡುಗನ ಬಟ್ಟೆ ಹಾಕಿಕೊಂಡು, ದಿನಾ ಬೇರೆ ಬೇರೆ ದಾರಿ ಹಿಡಿದು ಅಕ್ಕನ ಜೊತೆ ಕದ್ದುಮುಚ್ಚಿ ನಡೆಯುತ್ತಿದ್ದ ಶಾಲೆಗೆ ಹೋಗಿ ಕಲಿತವರು. 2021ರ ಆಗಸ್ಟಿನಲ್ಲಿ ಅವರು ತಮ್ಮ ಶಾಲೆಯ ಮಕ್ಕಳ ದಾಖಲೆಗಳನ್ನೆಲ್ಲ ಒಲೆಗೆ ಹಾಕಿ ಸುಟ್ಟರು. ಯಾರ ಮನೆಯ ಹುಡುಗಿ ಓದುತ್ತಿದ್ದಳು ಅಂತ ಯಾರಿಗೂ ಸಿಗಬಾರದು, ಮನೆಯವರಿಗೆ ಅಪಾಯ ಆಗಬಾರದು ಅಂತ. ಆಮೇಲೆ ಮಕ್ಕಳನ್ನೂ ಮೇಷ್ಟ್ರುಗಳನ್ನೂ ಕರೆದುಕೊಂಡು ರುವಾಂಡಕ್ಕೆ ಹೋಗಿ ಅಲ್ಲಿ ಶಾಲೆ ಶುರು ಮಾಡಿದರು. ನೀವು ಒಂದು ಕಾಗದವನ್ನು ಗೆದ್ದಲು ಹತ್ತದಂತೆ ಮೂವತ್ತು ವರ್ಷ ಕಾಪಾಡಿದಿರಿ. ಅವರು ಮಕ್ಕಳನ್ನು ಕಾಪಾಡಲು ಕಾಗದವನ್ನೇ ಸುಡಬೇಕಾಯಿತು. ನಿಮ್ಮ ಮಗಳಿಗೆ ಹೇಳುವುದಾದರೆ ಈ ಎರಡು ಕಥೆಗಳನ್ನು ಒಟ್ಟಿಗೆ ಹೇಳಿ. ಬುದ್ಧಿಮಾತು ಜೊತೆಗೆ ಸೇರಿಸಬೇಡಿ.

ಆ ಹುಡುಗಿಯರನ್ನು ಬರೀ ಅಳುವವರು ಅಂತ ತೋರಿಸಿದ್ದೂ ಒಂದು ಅನ್ಯಾಯವೇ. ಒಂದು ನಿಮಿಷದ ವಿಡಿಯೊದಲ್ಲಿ ಅವರು ಅಳುತ್ತಾರೆ, ಆಮೇಲೆ ಮನೆಗೆ ಹೋಗಿ ಏನು ಮಾಡುತ್ತಾರೆ ಅಂತ ಯಾರೂ ತೋರಿಸುವುದಿಲ್ಲ. 1990ರ ದಶಕದಲ್ಲಿ, ಮೊದಲ ತಾಲಿಬಾನ್ ಕಾಲದಲ್ಲಿ, ಅಲ್ಲಿನ ಹೆರಾತ್ ಪಟ್ಟಣದ ಹೆಂಗಸರು ಹೊಲಿಗೆ ಕ್ಲಾಸು ಅಂತ ಬುರ್ಖಾದೊಳಗೆ ಬಟ್ಟೆ, ಕತ್ತರಿ ಇಟ್ಟುಕೊಂಡು ಬಂದು, ಒಬ್ಬ ಪ್ರೊಫೆಸರ್ ಮನೆಯಲ್ಲಿ ಕೂತು ಸಾಹಿತ್ಯ ಓದುತ್ತಿದ್ದರು. ಈಗಿನವರು ರೇಡಿಯೊ ಹಚ್ಚುತ್ತಾರೆ. ಕಾಬೂಲಿನ ರೇಡಿಯೊ ಬೇಗಂ ಹೆಂಗಸರೇ ನಡೆಸುವ ನಿಲಯ, ಶಾಲೆಯ ಪಾಠಗಳನ್ನು ಅದು ಬಿತ್ತರಿಸುತ್ತದೆ. 2025ರ ಫೆಬ್ರುವರಿಯಲ್ಲಿ ಅದರ ಮೇಲೂ ದಾಳಿ ಮಾಡಿ ಕೆಲವು ದಿನ ಬಾಯಿ ಮುಚ್ಚಿಸಿದ್ದರು. ಇಂಟರ್‌ನೆಟ್ ಇದ್ದವರು ಮೊಬೈಲಿನಲ್ಲಿ ಓದುತ್ತಾರೆ. 2025ರ ಸೆಪ್ಟೆಂಬರ್ ಕೊನೆಗೆ ಇಡೀ ದೇಶದಲ್ಲಿ ಎರಡು ದಿನ ನೆಟ್ ತೆಗೆದಾಗ ಅವರ ಕೊನೆಯ ಕಿಟಕಿಯೂ ಮುಚ್ಚಿತು ಅಂತ ನಾನು ಹೆದರಿದ್ದೆ. ವಾಪಸ್ಸು ಬಂತು, ಸದ್ಯ.

ಇನ್ನೊಂದು ಮಾತು. ಇದು ನಿಮಗಲ್ಲ ಅಕ್ಕಾ, ಈ ಪುಟ ಓದುವ ಬೇರೆ ಕೆಲವರಿಗೆ. ತಾಲಿಬಾನ್ ವಿಷಯ ಬರೆದಾಗಲೆಲ್ಲ, ನೋಡಿ ಅವರ ಧರ್ಮವೇ ಹಾಗೆ ಅಂತ ನನಗೆ ಪತ್ರಗಳು ಬರುತ್ತವೆ. ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಡ ಅನ್ನುವ ದೇಶ ಇಡೀ ಪ್ರಪಂಚದಲ್ಲಿ ಇವತ್ತು ಅದೊಂದೇ. ಯೂನಿವರ್ಸಿಟಿ ಮುಚ್ಚಿದಾಗ ಇದು ಶರೀಯತ್ತಿಗೆ ವಿರುದ್ಧ ಅಂತ ಹೇಳಿದವರು ಕೈರೊದಲ್ಲಿರುವ ಹೆಸರಾಂತ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಜ್ಹರ್‌ನ ಮುಖ್ಯ ಇಮಾಮರು. ತಾಲಿಬಾನ್ ಸರ್ಕಾರದ ಒಳಗಿದ್ದ ಉಪ ವಿದೇಶಾಂಗ ಮಂತ್ರಿ ಸ್ಟಾನಿಕ್‌ಜೈ ಕೂಡ 2025ರ ಜನವರಿಯಲ್ಲಿ, ಶಾಲೆ ತೆರೆಯಿರಿ, ಇದಕ್ಕೆ ಯಾವ ಸಬೂಬೂ ಇಲ್ಲ ಅಂತ ಸಭೆಯಲ್ಲೇ ಹೇಳಿದರು. ಆಮೇಲೆ ಅವರು ದೇಶ ಬಿಟ್ಟು ಹೋದರು. ಅದೇ ವರ್ಷದ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ತಾಲಿಬಾನ್‌ನ ಪರಮ ನಾಯಕ ಅಖುಂದ್‌ಜಾದಾ ಮೇಲೆ ವಾರಂಟ್ ಹೊರಡಿಸಿತು. ಹೆಂಗಸರು ಅನ್ನುವ ಕಾರಣಕ್ಕೇ ಅವರನ್ನು ಹಿಂಸಿಸಿದ್ದು ಅಪರಾಧ ಅಂತ. ಕಂದಹಾರದಲ್ಲಿ ಕೂತ ಕೆಲವು ತಾಲಿಬಾನ್ ನಾಯಕರ ಹಟಕ್ಕೆ ಒಂದು ಇಡೀ ಧರ್ಮವನ್ನು ಬೈದುಕೊಂಡರೆ ಆ ಹುಡುಗಿಯರಿಗೇ ಎರಡನೇ ಸಲ ನೋವು ಕೊಟ್ಟ ಹಾಗೆ. ಅವರೂ ಅದೇ ನಮಾಜು ಮಾಡಿಕೊಂಡು ಶಾಲೆಗೆ ಹೊರಟಿದ್ದವರು.

ಈಗ ನಿಮ್ಮ ಮನೆಗೆ ಬರೋಣ. ನಾಲ್ಕು ಪುಟದಲ್ಲಿ ಮೂರು ಪುಟ ನಿಮ್ಮದೇ ಕಥೆ. ಆ ಮೂರು ಪುಟದ ಕೊನೆಗೆ, "ಇದನ್ನ ಮಗಳಿಗೆ ಇನ್ನೂ ಹೇಳಿಲ್ಲ" ಅಂತ ಒಂದು ಸಾಲು ಇದೆ. ಅಂದರೆ ನೀವು ಏಳನೇ ಇಯತ್ತೆಗೆ ಬಿಟ್ಟದ್ದು ಅವಳಿಗೆ ಗೊತ್ತಿಲ್ಲ! ನಾಚಿಕೆ ಆಗುತ್ತೆ ಅಂದಿದ್ದೀರಿ. ನಿಮ್ಮ ಸಂಕಟ ಅವಳಿಗೆ ಯಾಕೆ ತಿಳಿಯಲ್ಲ ಅಂತ ನೀವೇ ಕೇಳಿದ್ದೀರಿ. ಹೇಳದೆ ಹೇಗೆ ತಿಳಿಯುತ್ತೆ ಅಕ್ಕಾ? ಹೇಳಬೇಕಾದದ್ದು ನಿಮ್ಮ ಕಥೆ, ಹೇಳಿದ್ದು ಕಾಬೂಲಿನ ಹುಡುಗಿಯದು. ನಿಮ್ಮ ಅಪ್ಪನ ಮೇಲೆ ಉಳಿದ ಸಿಟ್ಟು, ತಮ್ಮನಿಗೆ ಬುತ್ತಿ ಕಟ್ಟಿದ ಬೆಳಿಗ್ಗೆಗಳು, ಎಲ್ಲವನ್ನೂ ಆ ಒಂದು ನಿಮಿಷದ ವಿಡಿಯೊ ಹೇಳಿಬಿಡಲಿ ಅಂದುಕೊಂಡಿರಿ. ಅದಕ್ಕೆ ಅಷ್ಟು ಶಕ್ತಿ ಇಲ್ಲ. ಟ್ರಂಕು ತೆಗೆಯಿರಿ. ಟಿ.ಸಿ. ತೋರಿಸಿ. ಅಪ್ಪನನ್ನು ಬೈಯಬೇಕು ಅನ್ನಿಸಿದರೆ ಬೈಯಿರಿ, ಮೇಷ್ಟ್ರನ್ನು ನೆನಪು ಮಾಡಿಕೊಳ್ಳಿ.

ಆದರೆ ಅದಕ್ಕೂ ಮೊದಲು ಅವಳನ್ನು ಒಂದು ಮಾತು ಕೇಳಿ. ಶಾಲೆ ಜೈಲು ಅಂತ ಯಾಕೆ ಅಂದಳು? ಇದನ್ನು ನೀವು ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಕೇಳಿಲ್ಲ ಅಂತ ಕಾಣುತ್ತೆ. ಬೆಳಿಗ್ಗೆ ಐದಕ್ಕೆ ಟ್ಯೂಷನ್, ಸಂಜೆ ಮತ್ತೆ ಟ್ಯೂಷನ್ ಅಂತ ಬರೆದಿದ್ದೀರಿ. ಅಷ್ಟೇ ಇರಬಹುದು. ಯಾರಾದರೂ ಹೊಡೆಯುತ್ತಿರಬಹುದು, ಹಂಗಿಸುತ್ತಿರಬಹುದು, ಶೌಚಾಲಯ ಸರಿ ಇಲ್ಲದೆ ಇಡೀ ದಿನ ನೀರು ಕುಡಿಯದೆ ಕೂರುತ್ತಿರಬಹುದು, ಬಸ್ಸಿನಲ್ಲಿ ಯಾರೋ ಕಾಟ ಕೊಡುತ್ತಿರಬಹುದು. ಅಫ್ಘಾನಿಸ್ತಾನದ ಹುಡುಗಿಗೆ ಇದಕ್ಕಿಂತ ಕಷ್ಟ ಇದೆ ಅಂತ ಇದನ್ನೆಲ್ಲ ಸಹಿಸು ಅನ್ನೋಕಾಗಲ್ಲ. ನಿಮ್ಮ ಮಗಳಿಗೆ ಶಾಲೆ ಇದೆ. ಅದಕ್ಕೇ ಆ ಶಾಲೆಯ ತಪ್ಪನ್ನು ಬಾಯಿಬಿಟ್ಟು ಹೇಳುವ ಹಕ್ಕೂ ಅವಳಿಗೆ ಇದೆ. ಅವಳು ಹೇಳಲಿ, ನೀವು ಮಧ್ಯೆ ಬಾಯಿ ಹಾಕದೆ ಕೇಳಿ.

ಮೈಸೂರಿನ ಆ ಹುಡುಗ ಓದು ಮುಗಿಸಿ ಬೇರೆ ದೇಶಕ್ಕೆ ಹೋದ. ಹೋಗುವ ಮುಂಚೆ ಒಮ್ಮೆ ಫೋನ್ ಮಾಡಿದ್ದ. ತಂಗಿ ಈಗ ಪಕ್ಕದ ಮನೆಯ ಪುಟ್ಟ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ ಅಂದ. ಇವನು ಕಳಿಸಿದ ಎಂ.ಎಸ್ಸಿ. ಹಾಳೆಗಳನ್ನು ಬರೆದುಕೊಂಡ ನೋಟ್‌ಬುಕ್ ತುಂಬಿದೆಯಂತೆ, ಇನ್ನೊಂದು ಶುರು ಮಾಡಿದ್ದಾಳಂತೆ. ಆಮೇಲಿನ ಸುದ್ದಿ ನನಗೆ ಸಿಕ್ಕಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಸಹಿ ಹಾಕಿದ ಮೇಲೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ ಬರೆದಿದ್ದೀರಿ, ಈ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಅಂತ. ಕಟ್ಟಬಹುದು. ನಮ್ಮ ರಾಜ್ಯದಲ್ಲಿ ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಪರೀಕ್ಷೆಗೆ ಕೂರಲು ಅವಕಾಶ ಇದೆ, ವಯಸ್ಸು ಜಾಸ್ತಿ ಆಯ್ತು ಅಂತ ಯಾರೂ ಬೇಡ ಅನ್ನುವ ಹಾಗಿಲ್ಲ. ಹತ್ತಿರದ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಕೇಳಿ, ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಅವರು ಹೇಳುತ್ತಾರೆ. ಮಗಳ ಎಂಟು, ಒಂಬತ್ತನೇ ಕ್ಲಾಸಿನ ಪುಸ್ತಕಗಳು ಮನೆಯಲ್ಲೇ ಇರಬೇಕಲ್ಲ, ರದ್ದಿಗೆ ಹಾಕಬೇಡಿ. ಟಿ.ಸಿ.ಯನ್ನು ವಾಪಸ್ಸು ಸೀರೆ ಮಡಿಕೆಯಲ್ಲಿ ಇಡಬೇಡಿ. ಹುಟ್ಟಿದ ದಿನಾಂಕಕ್ಕೆ ಅದನ್ನು ಕೇಳಬಹುದು, ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.